ಬೀದಿಯ ಮನೆಗಳೂ ಬಾಡಿಗೆಯ ಕೋಣೆಗಳೂ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಕೋಟೆಗಳ ಕಡೆಗೂ ಅರಮನೆಗಳ ಕಡೆಗೂ ಓಡುತ್ತದೆ. ಎಲ್ಲಿಯಾದರೂ ಹಳೆಯ ಕಟ್ಟಡವೊಂದರ ಪಾಯ ಸಿಕ್ಕಿದರೆ ಅದು ಯಾವ ಅರಸನ ಕಾಲದ್ದೆಂದು ಕೇಳುತ್ತೇವೆ. ಅದರ ಕಲ್ಲು ಹೊತ್ತವರಾರು, ಗಾರೆ ಅರೆದವರಾರು ಎಂದು ಕೇಳುವುದು ಕಡಮೆ. ಇನ್ನು ಸಾಮಾನ್ಯ ಜನರು ವಾಸಮಾಡುವ ಬೀದಿಯ ಮನೆಗಳಿಗಂತೂ ಚರಿತ್ರೆಯೇ ಇಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ಈ ಭಾವನೆ ತಪ್ಪೆಂಬುದು ನನ್ನ ಅಭಿಪ್ರಾಯ. ಅದನ್ನು ತೋರಿಸಲು ಲಂಡನ್ ನಗರದ ಒಂದು ವಸತಿ ಬೀದಿಯನ್ನು ಆರಿಸಿಕೊಂಡಿದ್ದೇನೆ. ಪ್ರಿಮ್‌ರೋಸ್ ಹಿಲ್ ಎಂಬ ಗುಡ್ಡದ ಬಳಿಯಲ್ಲಿರುವ ಆ ಬೀದಿಯ ಹೆಸರು ಕಿಂಗ್ ಹೆನ್ರೀಸ್ ರೋಡ್. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಕಟ್ಟಿದ ಮನೆಗಳು ಅಲ್ಲಿವೆ. ಆ ಸಾಲಿನ ೧೦ನೆಯ ಸಂಖ್ಯೆಯ ಮನೆಯಲ್ಲಿ ೧೯೨೧–೨೨ರಲ್ಲಿ ಡಾ. ಅಂಬೇಡ್ಕರರು ಬಾಡಿಗೆಗಿದ್ದು ಓದಿದರು. ಆ ಬೀದಿ ನಮಗೆ ದೂರದ್ದಾದರೂ ಪರಕೀಯವಲ್ಲವೆಂಬುದಕ್ಕೆ ಇಷ್ಟು ಸಾಕು.

ಒಂದು ಬೀದಿಯ ಚರಿತ್ರೆಯೆಂದರೆ ಅದರ ಮುಂಬದಿಯ ಗೋಡೆ, ಕಿಟಕಿ, ಕಂಬಗಳ ಚರಿತ್ರೆ ಮಾತ್ರವಲ್ಲ. ಮನೆಯ ಒಡೆಯರ ವಂಶಾವಳಿ ಮಾತ್ರವೂ ಅಲ್ಲ. ನೆಲ ಯಾರದು, ಹಣ ಯಾರದು, ಕೆಲಸ ಯಾರದು, ಯಾವ ಅಂತಸ್ತಿನಲ್ಲಿ ಯಾರು ಮಲಗುತ್ತಿದ್ದರು ಎಂಬುದೆಲ್ಲ ಸೇರಿದರೆ ಮಾತ್ರ ಅದು ಚರಿತ್ರೆ. ಒಂದು ಇಟ್ಟಿಗೆಯ ಒಡೆತನವೂ ಇಲ್ಲದ ಬಾಡಿಗೆದಾರನಿಗೂ ಅದರಲ್ಲಿ ಸ್ಥಾನವಿರಬೇಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಬೀದಿಯನ್ನು ನೋಡೋಣ.

ಮೊದಲು ನೆಲದ ವಿಚಾರ. ಆರನೆಯ ಹೆನ್ರಿ ದೊರೆಯು ೧೪೪೦ರಲ್ಲಿ ಈಟನ್ ಕಾಲೇಜೆಂಬ ವಿದ್ಯಾಸಂಸ್ಥೆಯನ್ನು ಸ್ಥಾಪಿಸಿದನು. ೧೪೪೯ರಲ್ಲಿ ಚಾಲ್ಕಟ್ಸ್ ಎಂಬ ಜಮೀನು ಆ ಸಂಸ್ಥೆಗೆ ದಾನವಾಗಿ ಬಂದಿತು. ನಮ್ಮಲ್ಲಿ ಮಠಕ್ಕೋ ಅಗ್ರಹಾರಕ್ಕೋ ಉಂಬಳಿ ಬಿಟ್ಟಂತೆ ಇದು. ನಾಲ್ಕು ಶತಮಾನಗಳ ಕಾಲ ಅಲ್ಲಿ ಹುಲ್ಲುಗಾವಲು ಮತ್ತು ಬೇಸಾಯದ ಭೂಮಿಯೇ ಇದ್ದಿತು. ಆದರೆ ಲಂಡನ್ ನಗರ ಬೆಳೆಯತೊಡಗಿತು. ೧೮೦೧ರಲ್ಲಿ ಸುಮಾರು ಹತ್ತು ಲಕ್ಷವಿದ್ದ ಜನಸಂಖ್ಯೆ, ೧೯೦೧ರ ವೇಳೆಗೆ ಹೊರವಲಯಗಳೂ ಸೇರಿ ಸುಮಾರು ೬೫ ಲಕ್ಷಕ್ಕೆ ಏರಿತು. ಹುಲ್ಲಿಗಿಂತ ಮನೆ ಹೆಚ್ಚು ಲಾಭದ ಬೆಳೆಯೆಂಬುದನ್ನು ಈಟನ್ನಿನ ಆಡಳಿತಗಾರರು ಅರಿಯದಿರಲಿಲ್ಲ. ೧೮೨೬ರಲ್ಲಿ ಅವರು ಪಾರ್ಲಿಮೆಂಟಿನಿಂದ ಒಂದು ಶಾಸನವನ್ನು ಪಡೆದು, ಮನೆ ಕಟ್ಟುವವರಿಗೆ ತಮ್ಮ ನೆಲವನ್ನು ೯೯ ವರ್ಷದ ಗುತ್ತಿಗೆಗೆ ಕೊಡುವ ಅಧಿಕಾರವನ್ನು ಸಂಪಾದಿಸಿದರು.

ಅಷ್ಟರಲ್ಲಿ ರೈಲು ಬಂದಿತು. ಲಂಡನ್–ಬರ್ಮಿಂಗ್‌ಹ್ಯಾಮ್ ರೈಲುದಾರಿ ಈ ಜಮೀನನ್ನು ಸೀಳಿಕೊಂಡು ಹೋಗಬೇಕಾಯಿತು. ನೆಲವನ್ನು ಬಗೆದು ತೆರೆದ ಹಳ್ಳದಲ್ಲಿ ಹಳಿ ಹಾಕಿದರೆ ಮನೆ ಕಟ್ಟುವ ಜಾಗ ಕೆಡುತ್ತದೆಂದು ಕಾಲೇಜು ಹಟ ಹಿಡಿದು ಸುರಂಗವನ್ನೇ ತೋಡಿಸಿತು. ಅಷ್ಟೇ ಅಲ್ಲ, ಸುರಂಗದ ಬಾಯಿಗೆ ಅಂದವಾದ ಮುಖಮಂಟಪವನ್ನು ಕಟ್ಟಬೇಕೆಂದೂ ಷರತ್ತು ಹಾಕಿತು. ೧೮೩೭ರಿಂದ ರೈಲುಗಳು ಓಡಾಡತೊಡಗಿದ ಆ ಪ್ರಿಮ್‌ರೋಸ್ ಹಿಲ್ ಸುರಂಗದ ಮುಖ ಇಂದಿಗೂ ಇದೆ. ಗುಡ್ಡವನ್ನು ಮಾತ್ರ ೧೮೪೨ರಲ್ಲಿ ಸರ್ಕಾರ ಬೇರೆ ಭೂಮಿಯನ್ನು ಬದಲಾಗಿ ಕೊಟ್ಟು ಪಡೆದು ಸಾರ್ವಜನಿಕರಿಗೆ ಬಿಟ್ಟಿತು. ಉಳಿದೆಡೆಯಲ್ಲಿ ಬೀದಿಗಳು ಎದ್ದವು. ಅವುಗಳ ಹೆಸರುಗಳನ್ನು ಓದಿದರೆ ಸಾಕು, ನೆಲದ ಒಡೆಯರಾರೆಂಬುದು ತಿಳಿಯುತ್ತದೆ. ಸ್ಥಾಪಕ ದೊರೆಯ ಹೆಸರಿನಲ್ಲಿ ಕಿಂಗ್ ಹೆನ್ರೀಸ್ ರೋಡ್; ಕಾಲೇಜಿನ ಮುಖ್ಯಸ್ಥನ ಪದವಿಯ ಹೆಸರಿನಲ್ಲಿ ಪ್ರೋವೋಸ್ಟ್ ರೋಡ್; ಸದಸ್ಯರ ಹೆಸರಿನಲ್ಲಿ ಫೆಲೋಸ್ ರೋಡ್. ಗಾರೆ ಕಲಸಿದವನ ಹೆಸರಿನಲ್ಲಿ ಒಂದು ಓಣಿಯೂ ಇಲ್ಲ.

ಇಂತಹ ಬೀದಿಗಳು ಹೇಗೆ ಏಳುತ್ತಿದ್ದವೆಂಬುದು ಸ್ವಾರಸ್ಯವಾದ ವಿಷಯ. ಮನೆಯಲ್ಲಿ ವಾಸಮಾಡುವವನು ತಾನೇ ನಿಂತು ಕಟ್ಟಿಸುವುದು ನಮ್ಮ ಹಳ್ಳಿಗಳ ರೂಢಿ. ವಿಕ್ಟೋರಿಯಾ ಕಾಲದ ಲಂಡನ್ನಿನಲ್ಲಿ ಹಾಗಿರಲಿಲ್ಲ. ನೆಲದ ಒಡೆಯನು ನೆಲವನ್ನು ಮಾರದೆ ಗುತ್ತಿಗೆಗೆ ಕೊಡುತ್ತಿದ್ದನು. ಬಡಗಿಯೋ ಇಟ್ಟಿಗೆ ಕೆಲಸದವನೋ ಆಗಿದ್ದು ಸ್ವಲ್ಪ ಮೇಲೆ ಬಂದ ಮೇಸ್ತ್ರಿಯೊಬ್ಬನು ಸಾಲ ತಂದು ಅಲ್ಲಿ ನಾಲ್ಕಾರು ಮನೆಗಳ ಸಾಲನ್ನು ಎಬ್ಬಿಸುತ್ತಿದ್ದನು. ಮನೆ ಮುಗಿಯುವ ಮೊದಲೇ ಗುತ್ತಿಗೆಯ ಹಕ್ಕನ್ನು ಮಾರಿ ಆ ಹಣದಿಂದ ಮುಂದಿನ ಮನೆಗೆ ಪಾಯ ತೋಡುತ್ತಿದ್ದನು. ಕೊಳ್ಳುವವರು ಸಿಕ್ಕಿದರೆ ಶ್ರೀಮಂತನಾದನು, ಸಿಗದಿದ್ದರೆ ದಿವಾಳಿಯೆದ್ದನು. ಕಟ್ಟಡ ನಡೆಯುವ ಮೊದಲ ಒಂದೆರಡು ವರ್ಷ ನೆಲಬಾಡಿಗೆಯಾಗಿ ಕೇವಲ ಒಂದು ಕಾಳುಮೆಣಸನ್ನು ಕೊಡತಕ್ಕದ್ದೆಂದು ಗುತ್ತಿಗೆಯ ಪತ್ರಗಳಲ್ಲಿ ಬರೆಯುವ ಪದ್ಧತಿಯಿತ್ತು. ಅದು ಹೆಸರಿಗೆ ಮಾತ್ರದ ಬಾಡಿಗೆ. ಒಂದು ಕಾಲದಲ್ಲಿ ಯಾವ ಮೆಣಸಿಗಾಗಿ ಯುರೋಪಿನವರು ನಮ್ಮ ಪಶ್ಚಿಮ ಕರಾವಳಿಯನ್ನು ಹುಡುಕಿಕೊಂಡು ಬಂದರೋ ಅದೇ ಮೆಣಸು ಅವರ ಕಾನೂನಿನಲ್ಲಿ ಬೆಲೆಯಿಲ್ಲದ್ದಕ್ಕೆ ಹೆಸರಾಗಿ ನಿಂತುದು ವಿನೋದವಲ್ಲವೇ?

ಮನೆಗಳ ಆಕಾರವನ್ನು ತೆರಿಗೆಯೂ ತಿದ್ದಿತು. ೧೬೯೬ರಿಂದ ಇಂಗ್ಲೆಂಡಿನಲ್ಲಿ ಕಿಟಕಿಗಳ ಲೆಕ್ಕದ ಮೇಲೆ ತೆರಿಗೆಯಿತ್ತು. ಎಷ್ಟೋ ಜನರು ತೆರಿಗೆಯ ಭಯದಿಂದ ಕಿಟಕಿಗಳನ್ನೇ ಮುಚ್ಚಿಸಿದರು. ಗಾಜಿನ ಮೇಲಿನ ಸುಂಕ ೧೮೪೫ರಲ್ಲಿಯೂ, ಇಟ್ಟಿಗೆಯ ಸುಂಕ ೧೮೫೦ರಲ್ಲಿಯೂ, ಕಿಟಕಿಯ ತೆರಿಗೆ ೧೮೫೧ರಲ್ಲಿಯೂ ರದ್ದಾದುವು. ತರುವಾಯ ಕಟ್ಟಿದ ಮನೆಗಳಲ್ಲಿ ದೊಡ್ಡ ಗಾಜಿನ ಕಿಟಕಿಗಳೂ, ಮುಂದಕ್ಕೆ ಚಾಚಿದ ಕಿಟಕಿ ಮಾಡಗಳೂ ಕಾಣಿಸಿಕೊಂಡುದು ಈ ಕಾರಣದಿಂದಲೇ. ವೇಲ್ಸ್ ಪ್ರಾಂತದ ಕಪ್ಪು ಹಲಗೆಗಲ್ಲು ರೈಲಿನಲ್ಲಿ ಬಂದು ಲಂಡನ್ನಿನ ಛಾವಣಿಗಳನ್ನು ಹೊದಿಸಿತು. ಆದುದರಿಂದ ಒಂದು ಮನೆಯ ಮುಖವನ್ನು ನೋಡಿ ಇದು ಯಾರೋ ಒಬ್ಬ ಶಿಲ್ಪಿಯ ಕಲ್ಪನೆಯೆಂದು ಹೇಳಿಬಿಟ್ಟರೆ ಸಾಲದು. ಅದರ ಹಿಂದೆ ಒಂದು ಶಾಸನ, ಒಂದು ಸಾಲ, ಒಂದು ರೈಲು ಇವೆ.

ಒಳಗೆ ಹೋದರೆ ಇನ್ನೊಂದು ಪಾಠ ಕಾದಿದೆ. ಅಂದಿನ ಮಧ್ಯಮವರ್ಗದ ಸಾಲುಮನೆ ಅಗಲಕ್ಕಿಂತ ಎತ್ತರಕ್ಕೆ ಬೆಳೆದುದು. ಕೆಳಗೆ ಅರ್ಧ ನೆಲದೊಳಗೆ ಅಡುಗೆಮನೆ. ಅದರ ಮುಂದೆ ಬೀದಿಯ ಕೆಳಗೆ ಕಲ್ಲಿದ್ದಲಿನ ಗೂಡು. ಅದರ ಮೇಲೆ ಊಟದ ಕೋಣೆ, ಇನ್ನೂ ಮೇಲೆ ಅತಿಥಿಗಳನ್ನು ಕುಳ್ಳಿರಿಸುವ ಅಲಂಕಾರದ ಕೋಣೆ, ಅನಂತರ ಮನೆಯವರ ಮಲಗುವ ಕೋಣೆಗಳು, ಎಲ್ಲಕ್ಕೂ ಮೇಲೆ ಛಾವಣಿಯ ಕೆಳಗಿನ ಇಕ್ಕಟ್ಟಿನಲ್ಲಿ ಕೆಲಸದ ಹುಡುಗಿಯ ಹಾಸಿಗೆ. ಹಗಲೆಲ್ಲ ಅವಳು ಪಾತಾಳದಲ್ಲಿ ದುಡಿದು ರಾತ್ರಿ ಅಟ್ಟ ಹತ್ತಬೇಕು. ನಡುವಿನ ಅಂತಸ್ತುಗಳಿಗೆ ಅವಳು ಹೋಗುತ್ತಿದ್ದುದು ಬಿಸಿನೀರು, ಕಲ್ಲಿದ್ದಲು, ಬೂದಿಗಳನ್ನು ಹೊರುವುದಕ್ಕಾಗಿ ಮಾತ್ರ. ಮನೆಯವರಿಗೆ ಮುಂಬಾಗಿಲು, ಅವಳಿಗೆ ನೆಲದ ಮಟ್ಟಕ್ಕಿಂತ ಕೆಳಗಿನ ಬಾಗಿಲು. ಜಾತಿಯ ಹೆಸರಿಲ್ಲದೆಯೂ ಮೇಲು ಕೀಳುಗಳನ್ನು ಇಟ್ಟಿಗೆಯಲ್ಲಿ ಕಟ್ಟಬಹುದೆಂಬುದಕ್ಕೆ ಈ ಮನೆಗಳು ಸಾಕ್ಷಿ. ೧೯ನೆಯ ಶತಮಾನದ ಕೊನೆಯ ವೇಳೆಗೆ ಆ ದೇಶದಲ್ಲಿ ಹತ್ತು ಲಕ್ಷಕ್ಕೂ ಮೀರಿದ ಹೆಂಗಸರು ಮನೆಗೆಲಸದಿಂದ ಜೀವಿಸುತ್ತಿದ್ದರು.

ಈ ಹುಡುಗಿಯರನ್ನು ಚರಿತ್ರೆ ಪೂರ್ತಿಯಾಗಿ ಮರೆಯದಿರಲು ಕಾರಣ ಖಾನೇಷುಮಾರಿಯ ಪುಸ್ತಕಗಳು. ೧೮೫೧ರಿಂದ ಅವುಗಳಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಮನೆಯ ಯಜಮಾನನಿಗೆ ಅವರೇನಾಗಬೇಕು, ವಯಸ್ಸೆಷ್ಟು, ಕಸಬೇನು, ಹುಟ್ಟಿದ್ದೆಲ್ಲಿ ಎಂಬುದನ್ನು ಬರೆದಿಟ್ಟರು. ಹೆಂಡತಿ, ಮಗ, ಮಗಳು, ಕೆಲಸದವಳು, ಊಟವನ್ನೂ ಪಡೆಯುವ ಬಾಡಿಗೆದಾರ, ಬರಿಯ ಕೋಣೆಯ ಬಾಡಿಗೆದಾರ ಎಂದು ಬೇರೆಬೇರೆಯಾಗಿ ನಮೂದಿಸಿದ ಈ ಕಾಗದಗಳನ್ನು ನೂರು ವರ್ಷಗಳ ನಂತರ ಯಾರು ಬೇಕಾದರೂ ನೋಡಬಹುದು. ೧೯೨೧ರ ಲೆಕ್ಕ ೨೦೨೨ರಲ್ಲಿ ಬಹಿರಂಗವಾಯಿತು. ಒಂದು ಸಾಲಿನಷ್ಟೇ ಆದರೂ ಸರಿಯೆ, ಯಜಮಾನನಿಗೆ ಒಂದು ಸಾಲು ಸಿಕ್ಕ ಪುಟದಲ್ಲಿಯೇ ಕೆಲಸದವಳಿಗೂ ಒಂದು ಸಾಲು ಸಿಕ್ಕಿತು. ಚರಿತ್ರೆಯಲ್ಲಿ ಸಮಾನತೆ ಮೊದಲು ಬಂದುದು ಇಂತಹ ಪುಸ್ತಕಗಳಲ್ಲಿಯೇ ಇರಬೇಕು.

ಎಲ್ಲ ಬೀದಿಗಳೂ ಈ ಬೀದಿಯಂತೆ ಇರಲಿಲ್ಲ. ಬರ್ಮಿಂಗ್‌ಹ್ಯಾಮ್, ಲೀಡ್ಸ್ ಮೊದಲಾದ ಪಟ್ಟಣಗಳಲ್ಲಿ ಕೂಲಿಗಾರರಿಗಾಗಿ ಬೆನ್ನಿಗೆ ಬೆನ್ನು ಕೊಟ್ಟ ಮನೆಗಳನ್ನು ಕಟ್ಟಿದ್ದರು. ಹಿಂಗೋಡೆ ಎರಡು ಮನೆಗೂ ಒಂದೇ ಆದುದರಿಂದ ಹಿಂಬದಿಯಲ್ಲಿ ಕಿಟಕಿಯೂ ಇಲ್ಲ, ಗಾಳಿಯೂ ಇಲ್ಲ. ಕಕ್ಕಸು ಹಲವಾರು ಸಂಸಾರಗಳಿಗೆ ಸೇರಿದುದು. ಕಾಲರಾ ರೋಗ ಬಂದಾಗ ಮಾತ್ರ ಸರ್ಕಾರಕ್ಕೆ ಚರಂಡಿಯ ನೆನಪಾಯಿತು. ೧೮೭೫ರ ಸಾರ್ವಜನಿಕ ಆರೋಗ್ಯ ಶಾಸನದ ತರುವಾಯ ಬೀದಿಯ ಅಗಲ, ಹಿಂದಿನ ಅಂಗಳ, ಗಾಳಿ ಬೆಳಕು ಇವುಗಳಿಗೆಲ್ಲ ನಿಯಮಗಳು ಬಂದುವು. ಚಾರ್ಲ್ಸ್ ಬೂತ್ ಎಂಬ ಮಹನೀಯನು ೧೮೮೯ರಿಂದ ಪ್ರಕಟಿಸಿದ ನಕಾಶೆಗಳಲ್ಲಿ ಲಂಡನ್ನಿನ ಬೀದಿ ಬೀದಿಗೂ ಅಲ್ಲಿನವರ ಸ್ಥಿತಿಗೆ ತಕ್ಕ ಬಣ್ಣ ಹಚ್ಚಿದನು. ಕಡುಬಡವರಿಗೆ ಕಪ್ಪು, ಸಿರಿವಂತರಿಗೆ ಹಳದಿ. ನಗರದ ಜನರಲ್ಲಿ ನೂರಕ್ಕೆ ಸುಮಾರು ಮೂವತ್ತು ಮಂದಿ ಬಡತನದಲ್ಲಿದ್ದಾರೆಂದು ಅವನ ಲೆಕ್ಕ ಹೇಳಿತು. ಜಗತ್ತಿನ ಐಶ್ವರ್ಯವೆಲ್ಲ ಹರಿದುಬರುತ್ತಿದ್ದ ರಾಜಧಾನಿಯ ಸಂಗತಿ ಇದು!

ಈಗ ಬಾಡಿಗೆ ಕೋಣೆಗಳ ವಿಚಾರಕ್ಕೆ ಬರೋಣ. ಒಂದು ಸಂಸಾರ, ಅದಕ್ಕೆ ಮೂವರು ಆಳುಗಳು ಎಂಬ ಲೆಕ್ಕದಲ್ಲಿ ಕಟ್ಟಿದ ಮನೆ ಬಹಳ ಕಾಲ ಹಾಗೆಯೇ ನಿಲ್ಲಲಿಲ್ಲ. ವಿಧವೆಯರೂ ಕೈಯಲ್ಲಿ ಹಣವಿಲ್ಲದ ಗೃಹಸ್ಥರೂ ಕೋಣೆಗಳನ್ನು ಬಾಡಿಗೆಗೆ ಕೊಡತೊಡಗಿದರು. ೧೮೮೮ರಲ್ಲಿ ಬ್ಯಾರಿಸ್ಟರ್ ಪರೀಕ್ಷೆಗೆ ಓದಲು ಹೋದ ಗಾಂಧೀಜಿಯವರು ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ವಿಧವೆಯೊಬ್ಬಳ ಮನೆಯಲ್ಲಿ ಹೀಗೆಯೇ ತಂಗಿದ್ದರು. ೧೯೧೪ರ ಮಹಾಯುದ್ಧದಲ್ಲಿ ಕೆಲಸದ ಹುಡುಗಿಯರು ಕಾರ್ಖಾನೆಗಳಿಗೆ ಹೋದರು. ಯುದ್ಧ ಮುಗಿದ ಮೇಲೆ ಹಲವರು ಅಟ್ಟದ ಹಾಸಿಗೆಗೆ ಹಿಂತಿರುಗಲಿಲ್ಲ. ದೊಡ್ಡ ಮನೆಗಳನ್ನು ಸಾಕುವುದು ಕಷ್ಟವಾಗಿ ಅವು ಒಂದೊಂದಾಗಿ ಕೋಣೆ ಕೋಣೆಯಾಗಿ ಒಡೆದುವು. ಗುಮಾಸ್ತರು, ನರ್ಸುಗಳು, ದೇಶಭ್ರಷ್ಟರು, ಪರದೇಶದ ವಿದ್ಯಾರ್ಥಿಗಳು ಅಲ್ಲಿಗೆ ಬಂದು ನೆಲೆಸಿದರು. ಕಟ್ಟಿದವನ ಕನಸಿನಲ್ಲಿಯೂ ಇಲ್ಲದ ಜನರಿಂದ ಈ ಮನೆಗಳು ಎರಡನೆಯ ಆಯುಷ್ಯವನ್ನು ಪಡೆದುವೆನ್ನಬಹುದು.

ಇಂತಹ ಮನೆಗೆ ಅಂಬೇಡ್ಕರರು ಬಂದರು. ಅವರು ಹೇಗೆ ಬಂದರೆಂಬುದನ್ನು ನೆನೆಯದೆ ಆ ಕೋಣೆಯ ಬೆಲೆ ತಿಳಿಯುವುದಿಲ್ಲ. ೧೯೧೩ರಿಂದ ಅಮೆರಿಕೆಯ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ, ೧೯೧೬ರಿಂದ ಲಂಡನ್ನಿನಲ್ಲಿ ಓದುತ್ತಿದ್ದ ಅವರು ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿದುದರಿಂದ ೧೯೧೭ರಲ್ಲಿ ವ್ಯಾಸಂಗವನ್ನು ಅರ್ಧಕ್ಕೆ ನಿಲ್ಲಿಸಿ ಹಿಂತಿರುಗಬೇಕಾಯಿತು. ಬರೋಡಾದಲ್ಲಿ ಸಂಸ್ಥಾನದ ಅಧಿಕಾರಿಯಾಗಿ ಸೇರಿದರು. ಆದರೆ ತಲೆಯಿಡಲು ಒಂದು ಮನೆ ಸಿಗಲಿಲ್ಲ. ಕೊನೆಗೆ ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರನ್ನು ಇಟ್ಟುಕೊಂಡು ಕೆಲವು ದಿನ ಇದ್ದರು. ಗುಟ್ಟು ತಿಳಿದೊಡನೆ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಡಿಸಿದರು. ಈ ಸಂಗತಿಯನ್ನು ಅವರೇ ಬರೆದಿದ್ದಾರೆ. ಎರಡು ಖಂಡಗಳ ವಿಶ್ವವಿದ್ಯಾನಿಲಯಗಳಲ್ಲಿ ಓದಿ ಬಂದವರಿಗೆ ಸ್ವದೇಶದ ಒಂದು ಊರಿನಲ್ಲಿ ಬಾಡಿಗೆಗೂ ಒಂದು ಕೋಣೆ ಇರಲಿಲ್ಲ.

ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಹೇಳಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು, ಸ್ನೇಹಿತರಿಂದ ತಂದ ಸಾಲ ಇವುಗಳ ಬಲದಿಂದ ಅವರು ೧೯೨೦ರಲ್ಲಿ ಮತ್ತೆ ಲಂಡನ್ನಿಗೆ ಹೋದರು. ೧೯೨೧ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸಿನ ಎಂ.ಎಸ್ಸಿ. ಪದವಿ ಬಂದಿತು. ರೂಪಾಯಿಯ ಸಮಸ್ಯೆಯನ್ನು ಕುರಿತ ಪ್ರಬಂಧಕ್ಕೆ ೧೯೨೩ರಲ್ಲಿ ಡಿ.ಎಸ್ಸಿ. ದೊರೆಯಿತು. ಆ ಪ್ರಬಂಧಕ್ಕಾಗಿ ದುಡಿದ ವರ್ಷಗಳಲ್ಲಿ ಅವರಿದ್ದ ಮನೆಗಳಲ್ಲಿ ಕಿಂಗ್ ಹೆನ್ರೀಸ್ ರೋಡಿನ ೧೦ನೆಯ ಮನೆಯೂ ಒಂದು. ಈಟನ್ ಕಾಲೇಜು ತನ್ನ ಲಾಭಕ್ಕಾಗಿ ಎಬ್ಬಿಸಿದ ಬೀದಿಯಲ್ಲಿ ಮಹಾರ್ ಸುಬೇದಾರನೊಬ್ಬನ ಮಗ ಕುಳಿತು ಸಾಮ್ರಾಜ್ಯದ ನಾಣ್ಯನೀತಿಯನ್ನು ಒರೆಗೆ ಹಚ್ಚಿದನೆಂದರೆ, ಬೀದಿಯ ಚರಿತ್ರೆಗೆ ಇದಕ್ಕಿಂತ ದೊಡ್ಡ ಅಧ್ಯಾಯ ಯಾವುದಿದೆ?

ಹೀಗೆಂದು ಇಂಗ್ಲಿಷರ ಬಾಡಿಗೆ ಕೋಣೆಗಳೆಲ್ಲ ಧರ್ಮಛತ್ರಗಳಾಗಿದ್ದುವೆಂದು ಯಾರೂ ತಿಳಿಯಬಾರದು. ಎರಡನೆಯ ಮಹಾಯುದ್ಧದ ತರುವಾಯ ವೆಸ್ಟ್ ಇಂಡೀಸಿನಿಂದಲೂ ಭಾರತ, ಪಾಕಿಸ್ತಾನಗಳಿಂದಲೂ ದುಡಿಯಲು ಹೋದವರಿಗೆ ಕಪ್ಪು ಜನರಿಗೆ ಕೋಣೆಯಿಲ್ಲವೆಂದು ಬಹಿರಂಗವಾಗಿ ಹೇಳುವ ಮನೆಯೊಡೆಯರು ಅಲ್ಲಿ ಧಾರಾಳವಾಗಿದ್ದರು. ೧೯೬೫ರಲ್ಲಿ ಬಂದ ವರ್ಣಭೇದ ವಿರೋಧಿ ಶಾಸನ ವಸತಿಯನ್ನು ಮುಟ್ಟಲೇ ಇಲ್ಲ. ೧೯೬೮ರ ಶಾಸನ ಬಂದ ಮೇಲೆಯೇ ಬಣ್ಣ ನೋಡಿ ಮನೆ ನಿರಾಕರಿಸುವುದು ಕಾನೂನಿಗೆ ವಿರುದ್ಧವೆನಿಸಿತು. ಮನೆಯ ಬಾಗಿಲು ಎಲ್ಲಿಯೂ ತಾನಾಗಿ ತೆರೆದುಕೊಳ್ಳುವುದಿಲ್ಲ. ಅದಕ್ಕೆ ಕಾನೂನಿನ ಕೈ ಬೇಕು. ಕಾನೂನಿಗಿಂತ ಹೆಚ್ಚಾಗಿ ಮನಸ್ಸು ಬೇಕು.

ಇತ್ತ ಆ ಮನೆಗಳ ಗತಿಯೇನಾಯಿತು? ಒಂದು ಕಾಲಕ್ಕೆ ವಿಕ್ಟೋರಿಯಾ ಕಾಲದ್ದೆಂದರೆ ವಿಕಾರವೆಂದೇ ಅರ್ಥವಾಗಿತ್ತು. ಮಸಿ ಹಿಡಿದ ಗೋಡೆ, ಬೇಡದ ಅಲಂಕಾರ, ಕತ್ತಲೆಯ ಮೆಟ್ಟಿಲು ಎಂದು ವಿದ್ಯಾವಂತರು ಮೂಗು ಮುರಿಯುತ್ತಿದ್ದರು. ೧೯೫೮ರಲ್ಲಿ ಇವುಗಳ ರಕ್ಷಣೆಗಾಗಿ ವಿಕ್ಟೋರಿಯನ್ ಸೊಸೈಟಿ ಎಂಬ ಸಂಘ ಹುಟ್ಟಿತು. ಅದರ ಮೊರೆಯನ್ನೂ ಲೆಕ್ಕಿಸದೆ ೧೯೬೧–೬೨ರಲ್ಲಿ ಯೂಸ್ಟನ್ ರೈಲು ನಿಲ್ದಾಣದ ಮಹಾದ್ವಾರವನ್ನು ಉರುಳಿಸಿದರು. ಆ ನೋವು ವ್ಯರ್ಥವಾಗಲಿಲ್ಲ; ೧೯೬೭ರಲ್ಲಿ ಒಂದೊಂದು ಕಟ್ಟಡವನ್ನಲ್ಲದೆ ಇಡಿಯ ಬೀದಿಗಳನ್ನೇ ರಕ್ಷಿಸುವ ಶಾಸನ ಬಂದಿತು. ಆದರೆ ಚಾಲ್ಕಟ್ಸ್ ಜಮೀನಿನ ಎಷ್ಟೋ ಮನೆಗಳ ಕಾಲ ಅಷ್ಟರಲ್ಲಿ ಮುಗಿದಿತ್ತು. ಹಳೆಯ ಗುತ್ತಿಗೆಗಳು ತೀರಿದುದರಿಂದ ೧೯೬೦ರ ದಶಕದಲ್ಲಿ ಅವುಗಳನ್ನು ಕೆಡವಿ, ಹತ್ತಿರದ ಅಡಿಲೇಡ್ ರೋಡಿನ ಪಕ್ಕದಲ್ಲಿ ಇಪ್ಪತ್ತು ಅಂತಸ್ತುಗಳನ್ನೂ ಮೀರಿದ ವಸತಿ ಗೋಪುರಗಳನ್ನು ಎಬ್ಬಿಸಿದರು. ಅವುಗಳಲ್ಲಿ ನಾಲ್ಕಕ್ಕೆ ಈಟನ್ ಸುತ್ತಿನ ಹಳ್ಳಿಗಳ ಹೆಸರನ್ನೇ ಇಟ್ಟರು. ೨೦೧೭ರ ಜೂನ್ ೧೪ರಂದು ಗ್ರೆನ್‌ಫೆಲ್ ಗೋಪುರ ಉರಿದು ೭೨ ಮಂದಿ ಸತ್ತ ಮೇಲೆ, ಅದೇ ತಿಂಗಳ ೨೩ರಂದು ಆ ನಾಲ್ಕು ಗೋಪುರಗಳ ನಿವಾಸಿಗಳನ್ನು ಬೆಂಕಿಯ ಭಯದಿಂದ ರಾತ್ರೋರಾತ್ರಿ ಹೊರಡಿಸಬೇಕಾಯಿತು. ಹಳೆಯದೆಲ್ಲ ಹೊಲಸು, ಹೊಸದೆಲ್ಲ ಹಿತ ಎನ್ನುವವರು ಇದನ್ನು ಗಮನಿಸಬೇಕು.

ಉಳಿದ ಹಳೆಯ ಮನೆಗಳಿಗೆ ಬೇರೊಂದು ಭಾಗ್ಯ ಬಂದಿತು. ಕೈಯಲ್ಲಿ ಹಣವಿದ್ದ ವಿದ್ಯಾವಂತರು ಅವುಗಳನ್ನು ಕೊಂಡು ದುರಸ್ತಿ ಮಾಡಿಸಿದರು; ಬಾಡಿಗೆಯ ಬಡವರು ಜಾಗ ಬಿಟ್ಟರು. ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ ೧೯೬೪ರಲ್ಲಿ ಇದಕ್ಕೆ ಜೆಂಟ್ರಿಫಿಕೇಷನ್ ಎಂದು ಹೆಸರಿಟ್ಟಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೀದಿಗೆ ದೊಡ್ಡಸ್ತಿಕೆ ಬರುವುದು. ಇದರಲ್ಲಿ ಗೋಡೆಗಳು ಉಳಿದುವು, ನೆರೆಹೊರೆ ಉಳಿಯಲಿಲ್ಲ. ಹೊರಗಿನ ಬಣ್ಣವನ್ನು ಉಳಿಸಿ ಒಳಗಿನ ಜನವನ್ನು ಕಳೆದುಕೊಂಡ ಬೀದಿಯನ್ನು ರಕ್ಷಿತವಾದ ಬೀದಿ ಎನ್ನಬಹುದೇ?

ಈ ಪ್ರಶ್ನೆ ೧೦ನೆಯ ಮನೆಯ ವಿಷಯದಲ್ಲಿ ನ್ಯಾಯದ ಚಾವಡಿಯನ್ನೇ ಹತ್ತಿತು. ೨೦೧೫ರಲ್ಲಿ ಮಹಾರಾಷ್ಟ್ರ ಸರ್ಕಾರ ೩೦ ಲಕ್ಷ ಪೌಂಡುಗಳಿಗೂ ಹೆಚ್ಚು ಹಣ ಕೊಟ್ಟು ಆ ನಾಲ್ಕು ಅಂತಸ್ತಿನ ಮನೆಯನ್ನು ಕೊಂಡಿತು. ಅದೇ ವರ್ಷ ನವೆಂಬರ್ ೧೪ರಂದು ಭಾರತದ ಪ್ರಧಾನಮಂತ್ರಿಗಳು ಅದನ್ನು ಸ್ಮಾರಕವಾಗಿ ಉದ್ಘಾಟಿಸಿದರು. ಅಂದೇ ಥೇಮ್ಸ್ ನದಿಯ ದಡದಲ್ಲಿ ನಮ್ಮ ಬಸವೇಶ್ವರರ ಪ್ರತಿಮೆಯೂ ಅನಾವರಣಗೊಂಡಿತು. ಕಾಯಕವನ್ನು ಕೈಲಾಸವೆಂದ ಶರಣರಿಗೂ, ಹುಟ್ಟಿನ ಮೇಲು ಕೀಳನ್ನು ಅಳಿಸಲು ಹೊರಟ ಸಂವಿಧಾನಶಿಲ್ಪಿಗೂ ಒಂದೇ ನಗರದಲ್ಲಿ ಒಂದೇ ದಿನ ನೆಲೆ ದೊರೆತುದು ಕನ್ನಡಿಗರಿಗೆ ಸಂತೋಷದ ಸಂಗತಿ. ಆದರೆ ಬೀದಿಯ ಕೆಲವು ನಿವಾಸಿಗಳು ಗುಂಪುಗುಂಪಾಗಿ ಬರುವ ಜನರಿಂದ ಗದ್ದಲವಾಗುತ್ತದೆಂದು ದೂರಿದರು. ಕ್ಯಾಮ್ಡೆನ್ ಪೌರಸಭೆಯು, ವಾಸದ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದರೆ ವಸತಿಯ ಜಾಗ ನಷ್ಟವಾಗುತ್ತದೆಂದು ೨೦೧೮ರಲ್ಲಿ ಅನುಮತಿ ನಿರಾಕರಿಸಿತು. ಮೇಲ್ಮನವಿಯಾಗಿ, ವಿಚಾರಣೆ ನಡೆದು, ೨೦೨೦ರ ಮಾರ್ಚಿಯಲ್ಲಿ ಬ್ರಿಟಿಷ್ ಸರ್ಕಾರದ ಮಂತ್ರಿಗಳು ಅನುಮತಿ ಕೊಟ್ಟರು.

ಪೌರಸಭೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮನೆಯಿಲ್ಲದವರು ಇರುವ ನಗರದಲ್ಲಿ ಪ್ರತಿಯೊಂದು ಮನೆಯೂ ಮನೆಯಾಗಿಯೇ ಉಳಿಯಬೇಕೆನ್ನುವುದು ನ್ಯಾಯವಾದ ಮಾತೇ. ಆದರೆ ವಸತಿ ಬೀದಿಯ ಮರ್ಯಾದೆ ಕೆಡುತ್ತದೆಂಬ ನೆರೆಯವರ ವಾದವನ್ನು ಮಾತ್ರ ಒಪ್ಪಲಾರೆ. ಈ ಬೀದಿಗೆ ಮರ್ಯಾದೆ ಬಂದುದೆಲ್ಲಿಂದ? ದಾನವಾಗಿ ಬಂದ ನೆಲದಿಂದ, ಸಾಲದ ಇಟ್ಟಿಗೆಯಿಂದ, ಅಟ್ಟದಲ್ಲಿ ಮಲಗಿದ ಹುಡುಗಿಯ ದುಡಿಮೆಯಿಂದ, ವಾರದ ಬಾಡಿಗೆ ಕೊಟ್ಟ ಪರದೇಶಿಗಳಿಂದ. ಬಂದು ಹೋಗುವವರೇ ಬೆಳೆಸಿದ ಬೀದಿಗೆ ಇನ್ನು ಮೇಲೆ ಬಂದು ಹೋಗುವವರು ಬೇಡವೆನ್ನುವುದು ಚರಿತ್ರೆಯನ್ನು ಬಲ್ಲವರ ಮಾತಲ್ಲ.

ನಮ್ಮವರಲ್ಲಿಯೂ ಒಂದು ಆಕ್ಷೇಪವಿದೆ. ಅಷ್ಟು ಹಣದಿಂದ ಇಲ್ಲಿ ಎಷ್ಟು ವಿದ್ಯಾರ್ಥಿನಿಲಯಗಳನ್ನು ಕಟ್ಟಬಹುದಾಗಿತ್ತು, ದೂರದ ಲಂಡನ್ನಿನಲ್ಲಿ ಒಂದು ಹಳೆಯ ಮನೆ ಏಕೆ ಬೇಕಿತ್ತು ಎನ್ನುವವರಿದ್ದಾರೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಈ ಆಕ್ಷೇಪದ ತೂಕ ನನಗೆ ಚೆನ್ನಾಗಿ ಗೊತ್ತು. ಸರ್ಕಾರಿ ವಿದ್ಯಾರ್ಥಿನಿಲಯದ ಒಂದು ಮಂಚ ಒಬ್ಬನ ಓದನ್ನು ಹೇಗೆ ಉಳಿಸಬಲ್ಲುದೆಂಬುದೂ ಗೊತ್ತು. ಆದರೂ ಮನೆ ಕೊಂಡುದು ತಪ್ಪೆಂದು ನಾನು ಹೇಳಲಾರೆ. ದೊಡ್ಡವರು ಹುಟ್ಟಿದ ಬಂಗಲೆಗಳು, ಆಳಿದ ಅರಮನೆಗಳು ಸ್ಮಾರಕಗಳಾಗಿರುವುದನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಒಬ್ಬ ವಿದ್ಯಾರ್ಥಿಯ ಬಾಡಿಗೆ ಕೋಣೆ ಸ್ಮಾರಕವಾಗುವುದು ಅಪರೂಪ. ಅದನ್ನು ನೋಡಿದ ಬಡವಿದ್ಯಾರ್ಥಿಗೆ ಅಲ್ಲಿ ತನ್ನದೇ ಚರಿತ್ರೆ ಕಾಣುತ್ತದೆ. ಆದರೆ ಒಂದು ಷರತ್ತು. ಆ ಮನೆ ಹಾರ ಹಾಕಿ, ಚಿತ್ರ ತೆಗೆಸಿಕೊಂಡು ಬರುವ ಗುಡಿಯಾಗಬಾರದು. ಓದುವವರಿಗೆ ಪುಸ್ತಕವೂ ಮೇಜೂ ದೊರೆಯುವ ಸ್ಥಳವಾಗಬೇಕು. ಅಂಬೇಡ್ಕರರು ಅಲ್ಲಿದ್ದುದು ಪೂಜೆಗಾಗಿ ಅಲ್ಲ, ಓದಿಗಾಗಿ. ಒಂದು ಮೇಜನ್ನಾದರೂ ಹೊಸ ಓದುಗನಿಗೆ ಬಿಟ್ಟುಕೊಡದಿದ್ದರೆ ಅಷ್ಟೂ ಪೌಂಡುಗಳು ಗಾರೆಗೆ ಸುರಿದ ಹಣವೇ ಸರಿ.

ಕೊನೆಯದಾಗಿ ಸಹಪಾಠಿ ಮಿತ್ರರಲ್ಲಿಯೂ ಅಧ್ಯಾಪಕವರ್ಗದವರಲ್ಲಿಯೂ ಒಂದು ವಿಜ್ಞಾಪನೆ. ನಮ್ಮ ಪಠ್ಯದಲ್ಲಿ ವಂಶಾವಳಿಗಳೂ ಯುದ್ಧಗಳೂ ಇವೆ, ಇರಲಿ. ಅವುಗಳ ಜೊತೆಗೆ ನಾವು ನಡೆದಾಡುವ ಬೀದಿಯನ್ನು ಓದುವುದನ್ನೂ ಕಲಿಯೋಣ. ಪೌರಸಭೆಯ ಕಂದಾಯದ ಪುಸ್ತಕ, ಹಳೆಯ ಕ್ರಯಪತ್ರ, ವೃದ್ಧರ ನೆನಪು ಇವುಗಳನ್ನು ಜೋಡಿಸಿದರೆ ಯಾವ ಊರಿನ ಯಾವ ಬೀದಿಯಾದರೂ ಮಾತನಾಡುತ್ತದೆ. ಆದರೆ ಕಂದಾಯದ ಪುಸ್ತಕದಲ್ಲಿ ಒಡೆಯನ ಹೆಸರು ಮಾತ್ರ ಇರುತ್ತದೆ. ಕಟ್ಟಿದವನನ್ನೂ, ಕಸ ಗುಡಿಸಿದವಳನ್ನೂ, ಬಾಡಿಗೆಗಿದ್ದವನನ್ನೂ ನಾವೇ ಕೇಳಿ ಬರೆದುಕೊಳ್ಳಬೇಕು.

ಹಾಗೆ ಬರೆಯುವಾಗ ಇನ್ನೂ ಒಂದು ಸಾಲನ್ನು ಸೇರಿಸಬೇಕಾಗುತ್ತದೆ. ಕೋಣೆ ಸಿಕ್ಕಿದವರ ಹೆಸರುಗಳ ಜೊತೆಗೆ ಸಿಗದೆ ಹಿಂತಿರುಗಿದವರ ಲೆಕ್ಕವನ್ನೂ ಇಡಬೇಕು. ಇಂದಿಗೂ ನಮ್ಮ ಪಟ್ಟಣಗಳಲ್ಲಿ ಬಾಡಿಗೆಯ ಕೋಣೆ ಕೇಳಲು ಹೋದ ವಿದ್ಯಾರ್ಥಿಯನ್ನು ಮೊದಲು ಹೆಸರು ಕೇಳುತ್ತಾರೆ, ಆಮೇಲೆ ಊರು ಕೇಳುತ್ತಾರೆ, ಅದರಿಂದಲೂ ತಿಳಿಯದಿದ್ದರೆ “ನೀವು ಯಾವ ಪೈಕಿ?” ಎಂದು ಕೇಳುತ್ತಾರೆ. ಉತ್ತರ ಕೇಳಿದ ಮೇಲೆ ಆ ಕೋಣೆ ನಿನ್ನೆಯೇ ಬೇರೆಯವರಿಗೆ ಹೋಯಿತೆನ್ನುವವರು ಕಡಮೆಯಿಲ್ಲ. ೧೯೧೭ರ ಬರೋಡಾ ಮುಗಿದುಹೋದ ಚರಿತ್ರೆಯಲ್ಲವೆಂಬುದನ್ನು ಆ ಮಾತು ತಿಳಿಸುತ್ತದೆ. ಲಂಡನ್ನಿನ ಒಂದು ಮನೆಗೆ ಫಲಕ ಹಾಕುವುದು ಸುಲಭ. ನಮ್ಮ ಬೀದಿಯಲ್ಲಿ ಓದುವ ಹುಡುಗನೊಬ್ಬನಿಗೆ, ಹುಡುಗಿಯೊಬ್ಬಳಿಗೆ, ಮೂರನೆಯ ಪ್ರಶ್ನೆಯನ್ನು ಕೇಳದೆ ಬೀಗದ ಕೈ ಕೊಡುವುದು ಅದಕ್ಕಿಂತ ಕಷ್ಟ. ಪದವಿ ಪಡೆದು ಹೊರಡುವ ನಾವು ನಾಳೆ ಮನೆ ಕಟ್ಟುವವರು. ನಮ್ಮಲ್ಲಿ ಕೆಲವರು ಕೋಣೆಯನ್ನು ಬಾಡಿಗೆಗೆ ಕೊಡುವವರೂ ಆಗುತ್ತೇವೆ. ಆ ಕಷ್ಟದ ಕೆಲಸವನ್ನು ಅಂದು ಮಾಡಿದೆವಾದರೆ ನಾವು ಚರಿತ್ರೆಯನ್ನು ಓದಿದ್ದು ಸಾರ್ಥಕ.